ಕನ್ನಂಬಾಡಿಯ ಶಿಲೆ ಮತ್ತು ಸತ್ತ ನೆಲದ ಹಕ್ಕು

ಕೃಷ್ಣರಾಜಸಾಗರವನ್ನು ನೋಡಲು ಹೋದವರಲ್ಲಿ ಹೆಚ್ಚಿನವರ ಕಾಲುಗಳು ಬೃಂದಾವನದ ಕಾರಂಜಿಗಳ ಕಡೆಗೇ ಓಡುತ್ತವೆ. ಅಣೆಕಟ್ಟಿನ ಪ್ರವೇಶದ್ವಾರದ ಬಳಿ ಇರಿಸಲಾಗಿರುವ ಫಾರ್ಸಿ ಶಿಲಾಶಾಸನದ ಮುಂದೆ ನಿಲ್ಲುವವರು ವಿರಳ. ಕೆಲವು ವರ್ಷಗಳ ಹಿಂದೆ ಮದ್ರಸದ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದಾಗ ನಾವೂ ಮೊದಲು ಅದನ್ನು ದಾಟಿಯೇ ಹೋಗಿದ್ದೆವು. ಹಿಂದಿರುಗುವಾಗ ಒಬ್ಬ ಹುಡುಗ, "ಉಸ್ತಾದ್, ಇಲ್ಲಿ ನಮ್ಮ ಅಕ್ಷರಗಳಿವೆ" ಎಂದು ಕೂಗಿ ಕರೆದ. ಫಾರ್ಸಿ ನಮಗೆ ಅಷ್ಟಾಗಿ ಬಾರದು. ಪರಿಚಿತ ಅರಬಿ ಪದಗಳನ್ನು ಹಿಡಿದುಕೊಂಡು, ಇಂಗ್ಲಿಷ್ ಅನುವಾದದ ನೆರವು ಪಡೆದು, ಮಕ್ಕಳಿಗೆ ಅರ್ಥ ಹೇಳುತ್ತಾ ಹೋದೆವು. ಅರ್ಧ ಓದುವಷ್ಟರಲ್ಲಿ, ನಾವು ಓದುತ್ತಿರುವುದು ಒಬ್ಬ ಅರಸನ ಕೀರ್ತಿಗೀತೆಯಲ್ಲ, ರೈತನಿಗೆ ಬರೆದ ಕರಾರುಪತ್ರ ಎಂಬುದು ಮನದಟ್ಟಾಯಿತು.

ಟಿಪ್ಪು ಸುಲ್ತಾನರ ಹೆಸರೆತ್ತಿದೊಡನೆ ನಮ್ಮ ನಾಡಿನಲ್ಲಿ ಜನ ಎರಡು ಪಾಳೆಯವಾಗುತ್ತಾರೆ. ಈ ಲೇಖನ ಆ ವಾದಕ್ಕೆ ಸೇರಿದ್ದಲ್ಲ. ಅರಸರ ಗುಣದೋಷಗಳ ಲೆಕ್ಕ ಅಲ್ಲಾಹನ ಬಳಿ ಇದೆ. ನಮ್ಮ ಮುಂದಿರುವುದು ಒಂದು ಕಲ್ಲು. ಅದರಲ್ಲಿ ಏನು ಬರೆದಿದೆಯೋ ಅಷ್ಟನ್ನು ನೋಡೋಣ.

ಶಾಸನದ ಸಾರಾಂಶ ಹೀಗಿದೆ. ಮೌಲೂದೀ ಶಕೆಯ 1221ನೇ ಶಾದಾಬ್ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 1794ರ ಸುಮಾರಿಗೆ, ಒಂದು ಸೋಮವಾರ ಸೂರ್ಯೋದಯಕ್ಕೆ ಮುನ್ನ, ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೊಂದಕ್ಕೆ ಸುಲ್ತಾನರು ಅಡಿಗಲ್ಲು ಹಾಕಿದರು. ಆರಂಭ ತನ್ನದು, ಪೂರ್ತಿಗೊಳಿಸುವುದು ಅಲ್ಲಾಹನ ಕೈಯಲ್ಲಿದೆ ಎಂದು ಸುಲ್ತಾನರು ಹೇಳಿಕೊಳ್ಳುತ್ತಾರೆ. ಇದಕ್ಕಾಗಿ ಖರ್ಚಾಗುವ ಲಕ್ಷಾಂತರ ಹಣ ಕೇವಲ ಅಲ್ಲಾಹನ ಸೇವೆಗೆಂದು ಸಾರುತ್ತಾರೆ. ಅನಂತರ ಬರುವುದೇ ಮುಖ್ಯ ಭಾಗ. ಹಳೆಯ ಸಾಗುವಳಿಯನ್ನು ಬಿಟ್ಟು ಹೊಸದಾಗಿ ಭೂಮಿಯನ್ನು ಉಳುವವರು, ಬೆಳೆ ಧಾನ್ಯವಿರಲಿ ಹಣ್ಣಿರಲಿ, ಇತರ ಪ್ರಜೆಗಳು ಕೊಡುವ ಕಂದಾಯದಲ್ಲಿ ಕಾಲು ಭಾಗದ ಮಾಫಿ ಪಡೆಯುತ್ತಾರೆ. ಮುಕ್ಕಾಲು ಭಾಗವನ್ನು ಸಲ್ಲಿಸಿದರೆ ಸಾಕು. ಹೀಗೆ ಹೊಸದಾಗಿ ಹಸನುಗೊಳಿಸಿದ ಭೂಮಿಗೆ ಆ ರೈತ, ಅವನ ಸಂತತಿ ಮತ್ತು ಬಂಧುಗಳು ಭೂಮಿ ಆಕಾಶಗಳಿರುವವರೆಗೂ ಒಡೆಯರು. ಈ ಉಪಕಾರಕ್ಕೆ ಅಡ್ಡಿಪಡಿಸುವವನು ಮನುಕುಲದ ಶತ್ರು, ಶಪಿತ ಸೈತಾನನಿಗೆ ಸಮಾನ ಎಂಬ ಕಠೋರ ಶಾಪದೊಂದಿಗೆ ಬರಹ ಮುಗಿಯುತ್ತದೆ.

ಶಾದಾಬ್ ಎಂದರೆ ನೀರುಂಡು ಹಸಿರಾದದ್ದು ಎಂದರ್ಥ. ಅದು ಸುಲ್ತಾನರ ಪಂಚಾಂಗದಲ್ಲಿ ಆ ವರ್ಷದ ಹೆಸರು ಮಾತ್ರ, ಕಾಕತಾಳೀಯ. ಆದರೆ ಅಣೆಕಟ್ಟಿಗಿಟ್ಟ ಹೆಸರು ಕಾಕತಾಳೀಯವಲ್ಲ. ಅದನ್ನು 'ಮುಹ್ಯೀ' ಎಂದು ಕರೆಯಲಾಗಿದೆ. ಜೀವ ಕೊಡುವುದು, ಪುನರುಜ್ಜೀವನಗೊಳಿಸುವುದು ಎಂದು ಅದರ ಅರ್ಥ. ಮದ್ರಸದಲ್ಲಿ ಫಿಕ್‌ಹ್ ಓದಿದ ಯಾರೇ ಆಗಲಿ ಆ ಪದದ ಮುಂದೆ ಒಂದು ಕ್ಷಣ ನಿಲ್ಲಲೇಬೇಕು. ಏಕೆಂದರೆ ಅದೇ ಧಾತುವಿನಿಂದ ಬಂದ 'ಇಹ್ಯಾಉಲ್ ಮವಾತ್' ಎಂಬುದು ನಮ್ಮ ಗ್ರಂಥಗಳಲ್ಲಿ ಒಂದು ಇಡೀ ಅಧ್ಯಾಯ. ಸತ್ತ ನೆಲಕ್ಕೆ ಜೀವ ಕೊಡುವುದು ಎಂದು ಅದರ ಅರ್ಥ.

ಆ ಅಧ್ಯಾಯವನ್ನು ನಾವು ಹದಿಹರೆಯದಲ್ಲಿ ಬಾಯಿಪಾಠ ಮಾಡಿದ್ದೆವು. ನಿಜ ಹೇಳಬೇಕೆಂದರೆ, ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ. ಒಬ್ಬರ ಒಡೆತನಕ್ಕೂ ಸೇರದ, ನೀರಿಲ್ಲದೆ ಪಾಳುಬಿದ್ದ ನೆಲವನ್ನು ಯಾರು ಜೀವಂತಗೊಳಿಸುತ್ತಾರೋ ಅದು ಅವರದ್ದು ಎಂಬ ಆಶಯದ ಪ್ರವಾದಿ ವಚನ ಅದರ ಬುನಾದಿ. ಅನ್ಯಾಯವಾಗಿ ಬೇರೂರಿದವನಿಗೆ ಹಕ್ಕಿಲ್ಲ ಎಂಬ ಎಚ್ಚರಿಕೆಯೂ ಅದರೊಂದಿಗೇ ಬಂದಿದೆ. ಇತರರ ಭೂಮಿಯಲ್ಲಿ ಗಿಡ ನೆಟ್ಟು, ಹಸಿರು ಮಾಡಿದೆನೆಂದು ಹಕ್ಕು ಸಾಧಿಸುವಂತಿಲ್ಲ.

ಏಳನೆಯ ಶತಮಾನದ ಅರಬ್ ನಾಡಿನಲ್ಲಿ ಈ ಮಾತು ಎಷ್ಟು ದೊಡ್ಡದೆಂದು ಊಹಿಸಬೇಕು. ಅಲ್ಲಿ ಹುಲ್ಲುಗಾವಲೂ ನೀರೂ ಬಲಿಷ್ಠ ಗೋತ್ರಗಳ ಸೊತ್ತಾಗಿತ್ತು. ಕತ್ತಿಯಿಂದ ಗಳಿಸುತ್ತಿದ್ದ ಭೂಮಿಯನ್ನು ಗುದ್ದಲಿಯಿಂದ ಗಳಿಸಬಹುದೆಂದು ಮದೀನಾ ಹೇಳಿತು. ತೆರಿಗೆಯಲ್ಲಿಯೂ ಇದೇ ಧೋರಣೆ ಇತ್ತು. ಮಳೆಯಿಂದ ಅಥವಾ ಹರಿಯುವ ಸೆಲೆಯಿಂದ ಬೆಳೆದ ಫಸಲಿಗೆ ಹತ್ತರಲ್ಲೊಂದು ಪಾಲು ಝಕಾತ್. ಬಾವಿಯಿಂದ ನೀರೆತ್ತಿ, ಬೆವರು ಸುರಿಸಿ ಬೆಳೆದ ಫಸಲಿಗೆ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಒಣನೆಲಕ್ಕೆ ನೀರು ತರುವವನ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡು ಅವನ ಹೊಣೆಯನ್ನು ಅರ್ಧಕ್ಕಿಳಿಸಿದ ಈ ನಿಯಮವನ್ನು ಇಂದಿನ ಅರ್ಥಶಾಸ್ತ್ರದವರು ಪ್ರೋತ್ಸಾಹಕ ರಿಯಾಯಿತಿ ಎಂದು ಕರೆಯುತ್ತಾರೆ.

ಆದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ನಿಯಮವೂ ಇತ್ತು ಎಂಬುದನ್ನು ನಮ್ಮ ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಬಿಲಾಲ್ ಬಿನ್ ಹಾರಿಸ್ ಅಲ್ ಮುಝನೀ(ರ) ಎಂಬ ಸಹಾಬಿಗೆ ಪ್ರವಾದಿವರ್ಯರು(ಸ) ಮದೀನಾದ ಸಮೀಪದ ಅಲ್ ಅಕೀಕ್ ಕಣಿವೆಯಲ್ಲಿ ವಿಸ್ತಾರವಾದ ಭೂಮಿಯನ್ನು ಕೊಟ್ಟಿದ್ದರು. ಖಲೀಫಾ ಉಮರ್(ರ)ರ ಕಾಲಕ್ಕೆ ಅದರ ಬಹುಭಾಗ ಪಾಳಾಗಿಯೇ ಉಳಿದಿತ್ತು. ಉಮರ್(ರ) ಅವರನ್ನು ಕರೆಸಿ, ಕೈಲಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡುವಂತೆ ಹೇಳಿದರು. ಪ್ರವಾದಿಯವರೇ ಕೊಟ್ಟದ್ದನ್ನು ಹೇಗೆ ಬಿಟ್ಟುಕೊಡಲಿ ಎಂದು ಬಿಲಾಲ್(ರ) ನಿರಾಕರಿಸಿದರು. ಅವರ ಮಾತಿನಲ್ಲಿ ಪ್ರೀತಿ ಇತ್ತು, ಗೌರವವೂ ಇತ್ತು. ಆದರೂ ಉಮರ್(ರ) ಒಪ್ಪಲಿಲ್ಲ. ಸಾಗುವಳಿಯಾಗದ ಭಾಗವನ್ನು ಹಿಂದಕ್ಕೆ ಪಡೆದು ಇತರರಿಗೆ ಹಂಚಿದರು. ಭೂಮಿಗೆ ಕಲ್ಲು ನೆಟ್ಟು ಗಡಿ ಗುರುತಿಸಿದವನು ಮೂರು ವರ್ಷ ಅದನ್ನು ಪಾಳುಬಿಟ್ಟರೆ ಆಮೇಲೆ ಅವನಿಗೆ ಹಕ್ಕಿಲ್ಲ ಎಂಬ ಅವರ ತೀರ್ಮಾನ ಮುಂದೆ ಶಾಸ್ತ್ರದ ಭಾಗವಾಯಿತು. ಬೇಲಿ ಹಾಕುವುದು ಬೇರೆ, ಬೆಳೆಸುವುದು ಬೇರೆ. ಪ್ರವಾದಿಯ ಕೈಯಿಂದಲೇ ಬಂದ ಕೊಡುಗೆಗೂ ಈ ಶರತ್ತಿನಿಂದ ವಿನಾಯಿತಿ ಸಿಗಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಇದು ನಮಗೆ ಬೇಕಾಗುತ್ತದೆ.

ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಆಳ್ವಿಕೆ 717ರಿಂದ 720ರವರೆಗೆ, ಮೂರು ವರ್ಷಕ್ಕೂ ಕಡಿಮೆ ಕಾಲವಷ್ಟೇ ನಡೆಯಿತು. ಸರಕಾರಿ ಭೂಮಿಯ ಕುರಿತು ಅವರು ಅಧಿಕಾರಿಗಳಿಗೆ ಬರೆದ ಆಜ್ಞೆ ಒಂದು ಏಣಿಯಂತಿದೆ. ಮೊದಲು ಅರ್ಧ ಪಾಲಿಗೆ ಗೇಣಿ ಕೊಟ್ಟು ನೋಡಿ. ಯಾರೂ ಮುಂದೆ ಬರದಿದ್ದರೆ ಮೂರರಲ್ಲೊಂದು ಪಾಲಿಗೆ. ಹೀಗೆ ಇಳಿಸುತ್ತಾ ಹತ್ತರಲ್ಲೊಂದು ಪಾಲಿನವರೆಗೂ ಹೋಗಿ. ಆಗಲೂ ಉಳುವವರು ಸಿಗದಿದ್ದರೆ ಗೇಣಿಯೇ ಇಲ್ಲದೆ ಕೊಡಿ. ಅದೂ ಆಗದಿದ್ದರೆ ಬೈತುಲ್ ಮಾಲ್‌ನಿಂದಲೇ ಖರ್ಚು ಮಾಡಿ ಉಳಿಸಿ, ಆದರೆ ನೆಲವನ್ನು ಪಾಳುಬೀಳಲು ಬಿಡಬೇಡಿ. ಬೊಕ್ಕಸವನ್ನು ತುಂಬಿಸುವುದೇ ಗುರಿಯಾಗಿದ್ದ ಅಧಿಕಾರಿ ಈ ಏಣಿಯ ಎರಡನೆಯ ಮೆಟ್ಟಿಲಲ್ಲೇ ನಿಂತುಬಿಡುತ್ತಿದ್ದ.

ಅವರ ನಂತರ ಸುಮಾರು ಎಪ್ಪತ್ತು ವರ್ಷಗಳಿಗೆ, ಬಗ್ದಾದಿನಲ್ಲಿ ಖಲೀಫಾ ಹಾರೂನ್ ರಶೀದ್‌ರಿಗಾಗಿ ಖಾಝಿ ಅಬೂ ಯೂಸುಫ್(ರ)ರು 'ಕಿತಾಬುಲ್ ಖರಾಜ್' ಎಂಬ ಕಂದಾಯ ಗ್ರಂಥವನ್ನು ಬರೆದರು. ಅವರು ಇಮಾಮ್ ಅಬೂ ಹನೀಫಾ(ರ)ರ ಶಿಷ್ಯರು. ಪಾಳುಭೂಮಿಯನ್ನು ಹಸನುಗೊಳಿಸಲು ಆಡಳಿತದ ಅನುಮತಿ ಬೇಕು ಎಂಬುದು ಗುರುವಿನ ಅಭಿಪ್ರಾಯ. ಪ್ರವಾದಿಯವರು ಕೊಟ್ಟ ಅನುಮತಿ ಅಂತ್ಯದಿನದವರೆಗೂ ಜಾರಿಯಲ್ಲಿದೆ, ಬೇರೆ ಅನುಮತಿ ಬೇಡ ಎಂಬುದು ಶಿಷ್ಯನದು. ಇಮಾಮ್ ಶಾಫಿಈ(ರ)ಯವರ ಮದ್‌ಹಬಿನಲ್ಲೂ ಅನುಮತಿ ಶರತ್ತಲ್ಲ. ಆದರೂ ಅಬೂ ಯೂಸುಫ್(ರ) ಗುರುವಿನ ಮಾತನ್ನು ತಳ್ಳಿಹಾಕದೆ ಅದರ ಕಾರಣವನ್ನು ಬಿಡಿಸಿ ಹೇಳುತ್ತಾರೆ: ಇಬ್ಬರು ಒಂದೇ ಜಾಗಕ್ಕೆ ಬಂದು ಜಗಳವಾಡಿದರೆ ಯಾರು ತೀರ್ಮಾನಿಸಬೇಕು? ಅದಕ್ಕಾಗಿ ಅನುಮತಿ. ಒಂದು ಗಿಡ ನೆಡಲು ಹತ್ತು ಕಚೇರಿ ಸುತ್ತಬೇಕಾದ ಕಾಲದಲ್ಲಿ ಈ ಚರ್ಚೆಯನ್ನು ಓದುವಾಗ ನಮಗೆ ನಗುವೂ ಬರುತ್ತದೆ, ಅಸೂಯೆಯೂ ಆಗುತ್ತದೆ.

ಅದೇ ಗ್ರಂಥದಲ್ಲಿ ಇನ್ನೊಂದು ವಿಭಾಗವಿದೆ. ಕಾಲುವೆ ತೋಡುವುದರಿಂದ ಪ್ರಯೋಜನವಿದೆಯೆಂದು ಬಲ್ಲವರು ಹೇಳಿದರೆ ಅದನ್ನು ಬೈತುಲ್ ಮಾಲ್‌ನ ಖರ್ಚಿನಲ್ಲಿ ತೋಡಬೇಕು, ಅದರ ಭಾರವನ್ನು ಊರವರ ಮೇಲೆ ಹೊರಿಸಬಾರದು. ಟೈಗ್ರಿಸ್, ಯೂಫ್ರೆಟಿಸ್‌ನಂತಹ ಮಹಾನದಿಗಳ ಒಡ್ಡುಗಳ ದುರಸ್ತಿಯೂ ಸರಕಾರದ್ದೇ. ಆದರೆ ಅಲ್ಲಿಂದ ತಮ್ಮ ತಮ್ಮ ಹೊಲಗಳಿಗೆ ಜನ ಎಳೆದುಕೊಂಡ ಸಣ್ಣ ಕಾಲುವೆಗಳ ಹೂಳೆತ್ತುವುದು ಆ ಜನರ ಹೊಣೆ. ದೊಡ್ಡ ಕಾಲುವೆ ಸರಕಾರದ್ದು, ಮನೆಬಾಗಿಲಿನ ಕಾಲುವೆ ನಮ್ಮದು. ಹನ್ನೆರಡು ಶತಮಾನಗಳ ಹಿಂದೆ ಎಳೆದ ಈ ಗೆರೆ ಇಂದಿಗೂ ಅಳಿಸಿಲ್ಲ ಎಂದು ನಮಗೆ ತೋರುತ್ತದೆ.

ಹಾಗಾದರೆ ಕನ್ನಂಬಾಡಿಯ ಶಿಲೆ ಬಗ್ದಾದಿನಿಂದ ಬಂತೇ? ಅಷ್ಟು ಸರಳವಾಗಿ ಹೇಳಲಾಗದು. ಕನ್ನಡ ಪದವಿ ತರಗತಿಯಲ್ಲಿ ಶಾಸನಗಳನ್ನು ಓದಿದವರಿಗೆ ಬೇರೆ ಪದಗಳು ನೆನಪಾಗುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಒಡೆದ ಏರಿಯನ್ನು ಸರಿಪಡಿಸಿದವನಿಗೆ ಅದೇ ಕೆರೆಯ ನೀರುಣ್ಣುವ ಗದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿ ಈ ನಾಡಿನಲ್ಲಿ ಸುಲ್ತಾನರುಗಳಿಗಿಂತ ಬಹಳ ಹಿಂದಿನದು. ಬಂಡಿಯಲ್ಲಿ ಹೂಳು ಸಾಗಿಸುವವರಿಗೆ, ತೂಬು ಕಾಯುವವರಿಗೆ ಹೀಗೆ ಜಮೀನು ಬಿಟ್ಟ ಉದಾಹರಣೆಗಳಿವೆ. ಕೊನೆಯಲ್ಲಿ ಶಾಪಾಶಯ ಬರುತ್ತದೆ: ಈ ಧರ್ಮವನ್ನು ಕೆಡಿಸಿದವನಿಗೆ ಇಂಥಿಂಥ ಪಾಪ ತಟ್ಟಲಿ. ಕನ್ನಂಬಾಡಿಯ ಶಿಲೆಯ ಕೊನೆಯ ಸಾಲುಗಳು ನಮ್ಮ ಕಿವಿಗೆ ಈ ಶಾಪಾಶಯದ ಫಾರ್ಸಿ ರೂಪದಂತೆ ಕೇಳಿಸುತ್ತವೆ. ವಕ್ಫ್ ಪತ್ರಗಳಲ್ಲೂ ಹಾಳುಗೆಡಹುವವನಿಗೆ ಶಾಪ ಬರೆಯುವ ರೂಢಿ ಇತ್ತೆಂಬುದನ್ನು ಮರೆತಿಲ್ಲ. ಬಹುಶಃ ಎರಡು ತೊರೆಗಳು ಇಲ್ಲಿ ಕೂಡಿಕೊಂಡಿವೆ. ಕಂದಾಯ ಮಾಫಿ ಕೊಡುವ ಸುಲ್ತಾನರ ಭಾಷೆ ಶರೀಅತ್ತಿನದು. ಅದನ್ನು ಕೇಳಬೇಕಾಗಿದ್ದ ರೈತನಿಗೆ ಕಟ್ಟುಕೊಡಗೆಯ ನೆನಪಿತ್ತು.

ಬಹಮನಿಗಳ ಬೀದರಿನ ನೆಲದಡಿಯ ಕಾರೆಜ್ ಕಾಲುವೆ, ಆದಿಲ್ ಶಾಹಿ ವಿಜಯಪುರದ ತಾಜ್ ಬಾವಡಿ, 1651ರ ಬೇಗಂ ತಲಾಬ್, ಇವುಗಳನ್ನು ವರ್ಣಿಸಲು ಬೇರೆಯೇ ಲೇಖನ ಬೇಕು. ಅಲ್ಲಿ ನೀರನ್ನು ಅರಸರು ತಂದರು, ಜನ ಕುಡಿದರು. ಕನ್ನಂಬಾಡಿಯ ಶಿಲೆ ಭಿನ್ನವಾಗುವುದು ಜನರನ್ನು ಪಾಲುದಾರರನ್ನಾಗಿ ಕರೆದದ್ದರಿಂದ.

ಆ ಶಿಲೆಯ ಕಾಲವನ್ನೂ ಗಮನಿಸಬೇಕು. 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಬಿದ್ದಾಗ ಸುಲ್ತಾನರು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದರು. 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡ ತೆರಬೇಕಿತ್ತು. ಇಬ್ಬರು ಎಳೆಯ ಗಂಡುಮಕ್ಕಳು ಇಂಗ್ಲಿಷರ ಬಳಿ ಒತ್ತೆಯಾಳುಗಳಾಗಿ ಹೋದರು. ಅವರು ಹಿಂದಿರುಗಿದ್ದು 1794ರಲ್ಲಿ. ಬೊಕ್ಕಸ ಬರಿದಾದ ಅರಸನಿಗೆ ಸುಲಭವಾದ ದಾರಿ ಕಂದಾಯ ಏರಿಸುವುದು. ಅಂತಹ ಹೊತ್ತಿನಲ್ಲಿ ಹೊಸ ಸಾಗುವಳಿಗೆ ಕಾಲು ಭಾಗ ಬಿಟ್ಟುಕೊಡುತ್ತೇನೆ ಎಂದು ಕಲ್ಲಿನಲ್ಲಿ ಬರೆಸಿದ್ದು ಔದಾರ್ಯವೋ, ದೂರದೃಷ್ಟಿಯ ಲೆಕ್ಕಾಚಾರವೋ? ಎರಡೂ ಇರಬಹುದು. ಉಳದ ನೆಲದಿಂದ ಕಾಲು ಕಾಸೂ ಬಾರದು, ಉತ್ತ ನೆಲದಿಂದ ಮುಕ್ಕಾಲಾದರೂ ಬರುತ್ತದೆ ಎಂಬುದು ಅರಸನಿಗೂ ಗೊತ್ತು, ರೈತನಿಗೂ ಗೊತ್ತು.

ಸುಲ್ತಾನರ ಕಂದಾಯ ನಿಯಮಾವಳಿ 1792ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಅಚ್ಚಾಯಿತು. ಅದರಲ್ಲಿಯೂ ಇದೇ ದಾರಿ ಕಾಣುತ್ತದೆ. ಬಹುಕಾಲ ಪಾಳುಬಿದ್ದ ಭೂಮಿಯನ್ನು ಕೌಲಿಗೆ ಪಡೆದು ಉಳುವವನಿಗೆ ಮೊದಲ ವರ್ಷ ಕಂದಾಯವಿಲ್ಲ. ಮುಂದಿನ ವರ್ಷಗಳಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಲ್ಲುಗುಡ್ಡದ ಬಂಜರಿಗೆ ಇನ್ನೂ ಹೆಚ್ಚಿನ ರಿಯಾಯಿತಿ. ತಪ್ಪು ಮಾಡಿದ ರೈತನಿಂದ ದಂಡದ ಹಣ ವಸೂಲು ಮಾಡುವ ಬದಲು ಊರ ಮುಂದೆ ಮಾವು ಮತ್ತು ಬಾದಾಮಿ ಗಿಡಗಳನ್ನು ನೆಡಿಸಬೇಕೆಂಬ ನಿಯಮವೂ ಅದರಲ್ಲಿದೆ. ನೆಟ್ಟು ಹೋದರೆ ಸಾಲದು. ಗಿಡ ಗೊತ್ತಾದ ಎತ್ತರಕ್ಕೆ ಬೆಳೆಯುವವರೆಗೆ ಅವನೇ ನೀರು ಹನಿಸಿ ಕಾಯಬೇಕು. ಜೂನ್ 5ರಂದು ಗಿಡದೊಡನೆ ಭಾವಚಿತ್ರ ತೆಗೆಸಿಕೊಂಡು, ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ ನೆಡುವ ನಮ್ಮ ಸಂಘಸಂಸ್ಥೆಗಳು ಈ ನಿಯಮವನ್ನು ಎರಡು ಬಾರಿ ಓದುವುದು ಒಳಿತು.

ಇಷ್ಟಾಗಿಯೂ ಮುಹ್ಯೀ ಅಣೆಕಟ್ಟು ಮೇಲೇಳಲಿಲ್ಲ. 1799ರ ಮೇ 4ರಂದು ಸುಲ್ತಾನರು ಕೋಟೆಯಲ್ಲಿ ಹತರಾದರು. ಶಾಸನ ಕೊಟ್ಟ ಮಾತಿನ ಅಡಿಯಲ್ಲಿ ಆ ಅಣೆಕಟ್ಟಿನ ನೀರುಂಡು ಒಂದು ಎಕರೆಯೂ ಹಸಿರಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರಲ್ಲಿ ಕೆಲಸ ಆರಂಭವಾದಾಗ ಈ ಕಲ್ಲು ಸಿಕ್ಕಿತು. ಅದನ್ನು ಒಡೆದು ಜಲ್ಲಿ ಮಾಡದೆ ಗೌರವದಿಂದ ಉಳಿಸಿಕೊಂಡವರಿಗೆ ನಾವು ಋಣಿಗಳು. ಎರಡು ದಶಕಗಳ ದುಡಿಮೆಯ ನಂತರ ಅಣೆಕಟ್ಟು ಪೂರ್ತಿಯಾಯಿತು. ಇಂದು ಅದರಲ್ಲಿ 49 ಟಿಎಂಸಿಗೂ ಮಿಕ್ಕಿದ ನೀರು ನಿಲ್ಲುತ್ತದೆ, ಮಂಡ್ಯದ ಗದ್ದೆಗಳು ಅದರಿಂದ ಬದುಕುತ್ತವೆ. ಆರಂಭ ನನ್ನದು, ಪೂರ್ತಿ ಅಲ್ಲಾಹನದು ಎಂದು ಬರೆಸಿದವನ ಮಾತು ಇನ್ನೊಬ್ಬ ಅರಸನ ಕೈಯಿಂದ ನಿಜವಾಯಿತು.

ಈ ಇತಿಹಾಸವನ್ನು ನಾವು ಈಗ ಕೆದಕುತ್ತಿರುವುದಕ್ಕೆ ಕಾರಣವಿದೆ. ಕಳೆದ ವರ್ಷ ನಮ್ಮ ಜಮಾಅತ್ತಿನಲ್ಲಿ ಒಂದು ಶುಕ್ರವಾರ ಜುಮಾ ನಮಾಝಿನ ನಂತರ ಮನೆಯ ಚಾವಣಿಯ ಸೌರವಿದ್ಯುತ್ ಯೋಜನೆಯ ಕುರಿತು ಮಾಹಿತಿ ಕೊಡುವ ಸಭೆ ನಡೆಯಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಸೌರ ನೀರಿನ ಹೀಟರ್ ಇರುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಲ್ಲಿನಲ್ಲಿ ಬಿಟ್ಟುಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಅನೇಕ ವರ್ಷ ನಡೆದಿತ್ತು. ಬೆಂಗಳೂರಿನಲ್ಲಿ 2009ರ ಕಾನೂನು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಕೊಡುವ ಕೈ, ಬೆದರಿಸುವ ಕೋಲು, ಎರಡೂ ಸರಕಾರದ ಬಳಿ ಹಳೆಯ ಕಾಲದಲ್ಲಿದ್ದಂತೆಯೇ ಇವೆ.

ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಆಗ ಹಿಂದಿನ ಸಾಲಿನಿಂದ, ಮೀನು ಮಾರಿ ಸಂಸಾರ ಸಾಗಿಸುವ ನಡುವಯಸ್ಸಿನವರೊಬ್ಬರು ಎದ್ದು ನಿಂತರು. "ಉಸ್ತಾದ್, ನನ್ನ ತಲೆಯ ಮೇಲಿನ ಚಾವಣಿ ನನ್ನದಲ್ಲ, ಬಾಡಿಗೆಯದು. ಇದರಲ್ಲಿ ನನಗೇನಿದೆ?" ಎಂದು ಕೇಳಿದರು. ಇನ್ನೊಬ್ಬರು ಅದಕ್ಕೆ ಸೇರಿಸಿದರು: ಸಹಾಯಧನ ಬರುವುದು ಫಲಕ ಅಳವಡಿಸಿ ಮುಗಿದ ಮೇಲೆ, ಅದೂ ಬ್ಯಾಂಕ್ ಖಾತೆಗೆ. ಮೊದಲು ಕೈಯಿಂದ ಹಾಕಲು ಹಣ ಬೇಕು. ಸಾಲ ಮಾಡೋಣವೆಂದರೆ ಬಡ್ಡಿ. ಸಭೆ ಮೌನವಾಯಿತು. ನಮ್ಮ ಬಳಿಯೂ ಆ ಕ್ಷಣದಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಕುಳಿತಾಗ ಹುನಯ್ಯ್ ಎಂಬುವರ ಪ್ರಸಂಗ ನೆನಪಾಯಿತು. ಬುಖಾರಿಯಲ್ಲಿರುವ ವರದಿಯದು. ಸಾರ್ವಜನಿಕ ಹಿತಕ್ಕಾಗಿ ಕಾಪಿಟ್ಟ ಹುಲ್ಲುಗಾವಲನ್ನು 'ಹಿಮಾ' ಎನ್ನುತ್ತಾರೆ. ಅಲ್ಲಿ ಯಾರೆಂದರೆ ಅವರು ಮೇಯಿಸುವಂತಿಲ್ಲ, ಕಡಿಯುವಂತಿಲ್ಲ. ಖಲೀಫಾ ಉಮರ್(ರ) ಒಂದು ಹಿಮಾದ ಮೇಲೆ ತನ್ನ ಆಶ್ರಿತ ಹುನಯ್ಯ್‌ರನ್ನು ಅಧಿಕಾರಿಯಾಗಿ ನೇಮಿಸಿದರು. ನೇಮಿಸುವಾಗ ಕೊಟ್ಟ ಉಪದೇಶ ಹೀಗಿತ್ತು: ಜನರ ಮೇಲೆ ದಬ್ಬಾಳಿಕೆ ಮಾಡಬೇಡ, ಮರ್ದಿತನ ಮೊರೆಗೆ ಹೆದರು. ನಾಲ್ಕು ಒಂಟೆ, ನಾಲ್ಕು ಆಡು ಇರುವ ಬಡವನನ್ನು ಒಳಗೆ ಬಿಡು. ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರ ಹಿಂಡುಗಳನ್ನು ಬಿಡಬೇಡ. ಅವರ ಜಾನುವಾರು ಸತ್ತರೆ ಅವರಿಗೆ ತೋಟವಿದೆ, ಹೊಲವಿದೆ. ಬಡವನದು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಆಗ ಅವನಿಗೆ ಬಂಗಾರ ಕೊಡುವುದಕ್ಕಿಂತ ಈಗ ಹುಲ್ಲು ಮತ್ತು ನೀರು ಕೊಡುವುದು ನನಗೆ ಸುಲಭ.

ಹೆಸರಿಸಲಾದ ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಮಹನೀಯರು. ಅವರಲ್ಲಿ ಉಸ್ಮಾನ್(ರ) ರೂಮಾ ಬಾವಿಯನ್ನು ಸ್ವಂತ ಹಣದಿಂದ ಕೊಂಡು ಊರಿಗೆ ಬಿಟ್ಟುಕೊಟ್ಟವರು. ಅವರ ಬಗ್ಗೆ ಖಲೀಫರಿಗೆ ದೂರಿರಲಿಲ್ಲ. ಹಸಿರನ್ನು ಕಾಪಾಡುವ ನಿಯಮ ಮೊದಲು ಯಾರಿಗೆ ನೆರಳಾಗಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಇಂದಿನ ಸಹಾಯಧನಗಳ ಮುಖ ಬಹಳಷ್ಟು ಬಾರಿ ಇದಕ್ಕೆ ತಿರುಗುಮುರುಗಾಗಿದೆ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಸ್ವಂತ ಚಾವಣಿ, ಕೈಯಲ್ಲಿ ಹಣ, ದಾಖಲೆಪತ್ರ ಸರಿಯಾಗಿರುವವನು ಮೊದಲು ಒಳಗೆ ಹೋಗುತ್ತಾನೆ. ನಾಲ್ಕು ಆಡಿನವನು ಬೇಲಿಯ ಹೊರಗೇ ಉಳಿಯುತ್ತಾನೆ. ಇದನ್ನು ಸರಿಪಡಿಸುವುದು ಸರಕಾರದ ಕೆಲಸ. ಆದರೆ ಬಡ್ಡಿಯಿಲ್ಲದ ಸಾಲಕ್ಕೆ ಒಂದು ಸಣ್ಣ ನಿಧಿಯನ್ನು ಕೂಡಿಸಲು ನಮ್ಮ ಜಮಾಅತ್ತುಗಳಿಗೆ ಯಾರ ಅನುಮತಿಯೂ ಬೇಕಿಲ್ಲ. ಮದುವೆ ಸಭಾಂಗಣದ ದೀಪಾಲಂಕಾರಕ್ಕೆ ಒಂದು ರಾತ್ರಿಗೆ ಸುರಿಯುವ ಹಣದಿಂದಲೇ ಆ ನಿಧಿಯನ್ನು ಆರಂಭಿಸಬಹುದು. ಇದನ್ನು ಸಭೆಯಲ್ಲಿ ಹೇಳಿದೆವು. ಪರಿಶೀಲಿಸೋಣ ಎಂಬ ಉತ್ತರ ಬಂತು. ಇನ್ನೂ ಪರಿಶೀಲನೆಯಲ್ಲಿದೆ.

ಕೊಟ್ಟದ್ದನ್ನು ಪಾಳುಬಿಡುವವರ ವಿಷಯಕ್ಕೆ ಬಂದರೆ ನಾವು ಇತರರತ್ತ ಬೆರಳು ತೋರಿಸುವಂತಿಲ್ಲ. ನಮ್ಮದು ಜೂನಿನಲ್ಲಿ ಮುಳುಗಿ ಏಪ್ರಿಲಿನಲ್ಲಿ ಬಾಯಾರುವ ಕರಾವಳಿ. ಮಸೀದಿಯ ಬಾವಿ ಬೇಸಗೆಯಲ್ಲಿ ತಳ ಕಾಣಿಸತೊಡಗಿದಾಗ, ಚಾವಣಿಯ ಮಳೆನೀರನ್ನು ಸೋಸಿ ಬಾವಿಗಿಳಿಸುವ ವ್ಯವಸ್ಥೆಯನ್ನು ಮಾಡಿಸಿದೆವು. ಅರ್ಧ ಹಣ ಅನುದಾನದಿಂದ ಬಂತು, ಉಳಿದರ್ಧ ಚಂದಾದಿಂದ. ಉದ್ಘಾಟನೆ ಆಯಿತು, ದುಆ ಮಾಡಿದೆವು, ಚಹಾ ಕುಡಿದೆವು. ಮೂರನೆಯ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಚಾವಣಿಯ ನೀರು ಕೊಳವೆಯನ್ನು ಬಿಟ್ಟು ಗೋಡೆಯ ಮೇಲೆ ಇಳಿಯುತ್ತಿರುವುದನ್ನು ಕಂಡು ಸೋಸುತೊಟ್ಟಿಯ ಮುಚ್ಚಳ ತೆಗೆದರೆ, ಒಳಗೆ ಹಲಸಿನೆಲೆ ಕೊಳೆತು ಕೆಸರಾಗಿತ್ತು. ಜಲ್ಲಿಯ ನಡುವೆ ಪುಟ್ಟ ಅಶ್ವತ್ಥದ ಸಸಿಯೊಂದು ಚಿಗುರಿತ್ತು. ದಿನಕ್ಕೆ ಐದು ಬಾರಿ ನಾವು ಅದರ ಪಕ್ಕದಲ್ಲೇ ನಡೆದುಹೋಗುತ್ತಿದ್ದೆವು. ಆ ಚಾವಣಿಯ ಕೆಳಗೇ ಕುಳಿತು ಮಕ್ಕಳಿಗೆ ಇಹ್ಯಾಉಲ್ ಮವಾತ್ ಅಧ್ಯಾಯವನ್ನೂ ಕಲಿಸುತ್ತಿದ್ದೆವು. ಮೂರು ವರ್ಷ. ಖಲೀಫಾ ಉಮರ್(ರ)ರ ಲೆಕ್ಕದಲ್ಲಿ ನಮ್ಮ ಹಕ್ಕು ಆವತ್ತಿಗೆ ಮುಗಿದಿತ್ತು.

ವುಝೂವಿನ ಕಟ್ಟೆಯಲ್ಲಿಯೂ ಇದೇ ಕಥೆ. ಪ್ರವಾದಿವರ್ಯರು(ಸ) ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಲ್ಲಿ ಎಂದು ಸಹೀಹ್ ವರದಿಗಳಲ್ಲಿದೆ. ನಮ್ಮ ಮದ್‌ಹಬಿನ ಲೆಕ್ಕದಲ್ಲಿ ಅದು ಒಂದು ಲೀಟರಿಗೂ ಕಡಿಮೆ. ಹೌಝ್ ಇದ್ದ ಕಾಲದಲ್ಲಿ ಬೊಗಸೆ ನೀರಿನ ಅಳತೆ ಕೈಗೆ ತಿಳಿಯುತ್ತಿತ್ತು. ನಲ್ಲಿ ಬಂದ ಮೇಲೆ ತಲೆ ಸವರುವಾಗಲೂ ನೀರು ಹರಿಯುತ್ತಲೇ ಇರುತ್ತದೆ. ಇದನ್ನು ನಿಲ್ಲಿಸಲು ಯಾವ ಸರಕಾರವೂ ಸಹಾಯಧನ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅಬೂ ಯೂಸುಫ್(ರ) ಹೇಳಿದ ಸಣ್ಣ ಕಾಲುವೆ ಇದು. 2023ರಿಂದ ನಮ್ಮ ರಾಜ್ಯದಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತವಾಯಿತು, ಬಡವರ ಮನೆಗಳಿಗೆ ಅದರಿಂದ ದೊಡ್ಡ ನೆಮ್ಮದಿ ಸಿಕ್ಕಿತು. ಆದರೆ ಬಿಲ್ಲು ಬಾರದ ಮನೆಯಲ್ಲಿ ಬರಿಯ ಕೋಣೆಗೆ ತಿರುಗುವ ಫ್ಯಾನಿನ ಗುಂಡಿಯನ್ನು ಒತ್ತುವವರು ಯಾರು? ಮೊದಲು ಆ ಕೆಲಸವನ್ನು ಬಿಲ್ಲಿನ ಭಯ ಮಾಡುತ್ತಿತ್ತು.

ಸೋಸುತೊಟ್ಟಿಯನ್ನು ಆ ದಿನ ಅಸರ್ ನಮಾಝಿನ ನಂತರ ಸ್ವಚ್ಛಗೊಳಿಸಿದೆವು. ಮಕ್ಕಳು ಕೆಸರನ್ನು ಬುಟ್ಟಿಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕಿದರು. ಅಶ್ವತ್ಥದ ಸಸಿಯನ್ನು ಕಿತ್ತೆಸೆಯಲು ಮನಸ್ಸಾಗದೆ ರಸ್ತೆಯ ಬದಿಯಲ್ಲಿ ನೆಟ್ಟೆವು. ಮುಂದೆ ಇದನ್ನು ನೋಡಿಕೊಳ್ಳುವವರು ಯಾರೆಂಬ ಮಾತು ಬಂದಾಗ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಪ್ಪಿಕೊಂಡವರು ಆ ಮೀನು ಮಾರುವ ಸಹೋದರ, ಸ್ವಂತ ಚಾವಣಿ ಇಲ್ಲದವರು. ಈಗ ಮಳೆಗಾಲದ ಪ್ರತಿ ತಿಂಗಳ ಮೊದಲ ಶುಕ್ರವಾರ, ಜುಮಾಕ್ಕೆ ಒಂದು ಗಂಟೆ ಮುಂಚೆ, ಮಗನನ್ನು ಕರೆದುಕೊಂಡು ಬಂದು ಮುಚ್ಚಳ ತೆರೆಯುತ್ತಾರೆ. ಕೆಲಸ ಮುಗಿಸಿ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಆ ದಿನದ ತಾರೀಕನ್ನು ಬರೆಯುತ್ತಾರೆ. ಮೊದಲಿನ ತಾರೀಕುಗಳನ್ನು ಮಳೆ ತೊಳೆದುಹಾಕಿದೆ. ಕೊನೆಯ ಎರಡು ಇನ್ನೂ ಓದಲು ಬರುತ್ತವೆ.